ಮೂರನೇ ಸಿಲಿಂಡರಿನ ಹಲ್ಲುನೋವು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಆ ಗ್ಯಾರೇಜಿಗೆ ನಾನು ಹೋದದ್ದು ಅದರ ಮೇಲಿನ ನಂಬಿಕೆಯಿಂದಲ್ಲ, ಬೇರೆ ಕಡೆ ಹಣ ಸುರಿದು ಸಾಕಾಗಿ. ತಗಡಿನ ಮಾಡು, ಮುಂದೆ ಹೊಂಗೆ ಮರ, ಒಳಗೆ ಎರಡು ಲಿಫ್ಟ್. ಕುಳಿತುಕೊಳ್ಳಲು ಯಾವುದೋ ವ್ಯಾನಿನಿಂದ ಕಿತ್ತು ತಂದ ಸೀಟು. ಅದರ ಮೇಲೆ ಕುಳಿತವರ ಬಟ್ಟೆಗೆ ಗ್ರೀಸ್ ಮೆತ್ತದೆ ಇರದು. ನನ್ನದೊಂದು ಇಳಕಲ್ ಸೀರೆ ಅಲ್ಲಿಗೇ ಸಮರ್ಪಣೆಯಾಯಿತು.

ಕಾರು 2011ರ ಜರ್ಮನ್ ಸೆಡಾನ್. ಮೂರು ಲೀಟರಿನ ಪೆಟ್ರೋಲ್ ಎಂಜಿನ್, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡೆ. ನಮ್ಮ ಯಜಮಾನರು ಇದನ್ನು ಬಿಳಿಯಾನೆ ಎನ್ನುತ್ತಾರೆ. ಬಣ್ಣ ಮಾತ್ರ ಕಪ್ಪು. ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ನಿಗೆ ಹುಟ್ಟಿನಿಂದಲೇ ಸಮತೋಲನವಿರುತ್ತದೆ. ಲೋಟದಲ್ಲಿಟ್ಟ ಕಾಫಿ ಅಲುಗದಂತೆ ನಿಂತಲ್ಲೇ ಓಡಬೇಕು. ಅಂಥದ್ದು ಧನುರ್ಮಾಸದ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಚಳಿಜ್ವರ ಬಂದವರಂತೆ ನಡುಗಿತು. ಸೈಲೆನ್ಸರಿನಿಂದ ಲಯ ತಪ್ಪಿದ ಸದ್ದು, ಚೆಕ್ ಎಂಜಿನ್ ದೀಪ ಮಿನುಗು. ಐದಾರು ನಿಮಿಷ ಕಳೆದು ಬಿಸಿಯಾದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಯಿತು.

ಮೆಕ್ಯಾನಿಕ್‌ಗಳ ಬಾಯಲ್ಲಿ ಇದಕ್ಕೆ ‘ಮಿಸ್ಸಿಂಗ್’ ಎಂದು ಹೆಸರು. ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೋದರೆ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್ ಶಾಫ್ಟ್ ಆ ಕ್ಷಣಕ್ಕೆ ತುಸು ನಿಧಾನವಾಗುತ್ತದೆ. ಆ ತಡವರಿಕೆಯನ್ನು ಸೆನ್ಸರ್ ಎಣಿಸಿಡುತ್ತದೆ. ದೀಪ ಸುಮ್ಮನೆ ಉರಿಯುತ್ತಿದ್ದರೆ ಗ್ಯಾರೇಜಿಗೆ ಹೋಗುವಷ್ಟು ಸಮಯವಿದೆ ಎಂದು ಅರ್ಥ. ಮಿನುಗುತ್ತಿದ್ದರೆ ಮಾತ್ರ ಉದಾಸೀನ ಬೇಡ: ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ.

ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಮೂರು ಸಲ ಹೋದೆ. ಅದು ಬೆಂಗಳೂರಿನಲ್ಲಿದೆ, ನನ್ನ ಮನೆಯಿಂದ ಸುಮಾರು 145 ಕಿಲೋಮೀಟರ್. ಹೆಸರು ಬೇಡ; ಅಲ್ಲಿ ಕಾಫಿ ಚೆನ್ನಾಗಿತ್ತು. ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ 0303, ಅಂದರೆ ಮೂರನೇ ಸಿಲಿಂಡರ್. ಮೊದಲ ಸಲ ಆರೂ ಸ್ಪಾರ್ಕ್ ಪ್ಲಗ್ ಬದಲಿಸಿದರು. ಎರಡನೇ ಸಲ ಪ್ಲಗ್ಗುಗಳಿಗೆ ವಿದ್ಯುತ್ ಕೊಡುವ ಆರೂ ಇಗ್ನಿಷನ್ ಕಾಯಿಲ್. ಎರಡೂ ಸೇರಿ 62,000 ರೂಪಾಯಿ. ಮೂರನೇ ಸಲ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳ ಮೇಲೆ ಬೊಟ್ಟು ಮಾಡಿ 2,60,000 ರೂಪಾಯಿಯ ಅಂದಾಜು ಪಟ್ಟಿ ಕೈಗಿತ್ತರು. ಹೀಗೆ ವರ್ಷ ಕಳೆದು ಮತ್ತೊಂದು ಧನುರ್ಮಾಸ ಬಂತು, ಕಾರು ನಡುಗುತ್ತಲೇ ಇತ್ತು.

ನಾನು ದಂತವೈದ್ಯೆ. ರೋಗಿ ಬೆರಳಿಟ್ಟು ತೋರಿಸಿದ ಹಲ್ಲನ್ನೇ ಕಿತ್ತುಹಾಕುತ್ತ ಹೋಗಿದ್ದರೆ ನನ್ನ ಊರಿನಲ್ಲಿ ಅರ್ಧ ಜನರಿಗೆ ಹಲ್ಲಿರುತ್ತಿರಲಿಲ್ಲ. ಕೆಳಗಿನ ದವಡೆ ಹಲ್ಲು ಕೆಟ್ಟಾಗ ಕಿವಿ ನೋಯುತ್ತದೆ. ಹೃದಯಕ್ಕೆ ತೊಂದರೆಯಾದಾಗ ಎಡದವಡೆ ನೋಯುವುದೂ ಉಂಟು. ಪಿ 0303 ಹೇಳುವುದು ನೋವು ಎಲ್ಲಿದೆ ಎಂಬುದನ್ನು ಮಾತ್ರ. ಇಷ್ಟು ತಿಳಿದಿದ್ದೂ ಎರಡು ಸಲ ತೆಪ್ಪಗೆ ಹಣ ಕಟ್ಟಿದೆನಲ್ಲ ಎಂಬ ಸಿಟ್ಟು ನನಗೆ ನನ್ನ ಮೇಲೆಯೇ ಇದೆ.

ಹೆಬ್ಬಾಳದ ಮೇಸ್ತ್ರಿಗೆ ಐವತ್ತರ ಆಸುಪಾಸು. ಬೆಂಗಳೂರಿನ ರಿಪೇರಿಯ ಕಡತ ತೆಗೆದು ಮುಂದಿಟ್ಟೆ, ಅವರು ತೆರೆಯಲಿಲ್ಲ. ಯಾವಾಗ ನಡುಗುತ್ತದೆ, ಎಷ್ಟು ಹೊತ್ತು, ಎಕ್ಸಲರೇಟರ್ ಒತ್ತಿದರೆ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ಕೇಳಿದರು. ಆಮೇಲೆ, “ಡಾಕ್ಟರಮ್ಮ, ಬಿಸಿ ಎಂಜಿನ್ ನೋಡಿ ನನಗೇನೂ ಪ್ರಯೋಜನವಿಲ್ಲ. ಗಾಡಿಯನ್ನು ರಾತ್ರಿ ಇಲ್ಲೇ ಬಿಡಿ. ಬೆಳಿಗ್ಗೆ ಏಳಕ್ಕೆ ನೀವೇ ಬಂದು ಸ್ಟಾರ್ಟ್ ಮಾಡಿ” ಎಂದರು. ಪತ್ತೆಹಚ್ಚುವ ಕೆಲಸಕ್ಕೇ 3,500 ರೂಪಾಯಿ, ರಿಪೇರಿ ಮಾಡಿಸಲಿ ಬಿಡಲಿ. ಬೆಂಗಳೂರಿಗೆ ನನ್ನ ಕಾರು ಮುಟ್ಟುತ್ತಿದ್ದುದೇ ಎರಡೂವರೆ ಗಂಟೆ ಓಡಿ, ಕಾದು, ಮಿಸ್ಸಿಂಗ್ ಮರೆತ ಸ್ಥಿತಿಯಲ್ಲಿ ಎಂಬುದು ನನಗೆ ಹೊಳೆದದ್ದು ಆಗಲೇ.

ಮರುದಿನ ಬೆಳಿಗ್ಗೆ ನಾನು ಸ್ಟಾರ್ಟ್ ಮಾಡಿದೆ, ಕಾರು ನಡುಗಿತು. ಅವರ ಕಣ್ಣು ಮಾತ್ರ ಲ್ಯಾಪ್‌ಟಾಪಿನ ಮೇಲಿತ್ತು. ಈ ಎಂಜಿನ್ನಿನಲ್ಲಿ ಮುಂದಿನ ಮೂರು ಸಿಲಿಂಡರಿಗೆ ಒಂದು, ಹಿಂದಿನ ಮೂರಕ್ಕೆ ಇನ್ನೊಂದು ಎಂದು ಆಕ್ಸಿಜನ್ ಸೆನ್ಸರುಗಳು ಬೇರೆ ಬೇರೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಕಂಡರೆ ಕಂಪ್ಯೂಟರ್ ಅಷ್ಟು ಪೆಟ್ರೋಲನ್ನು ಹೆಚ್ಚಿಗೆ ಸುರಿಯುತ್ತದೆ. ಆ ಹೆಚ್ಚುವರಿಯ ಲೆಕ್ಕ ಶೇಕಡಾವಾರಿನಲ್ಲಿ ಸಿಗುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿದ್ದಾಗ ಮುಂದಿನ ಗುಂಪಿಗೆ ಶೇ 18, ಹಿಂದಿನದಕ್ಕೆ ಶೇ 4. ಎಂಜಿನ್ ನಿಮಿಷಕ್ಕೆ 2,500 ಸುತ್ತುಗಳ ವೇಗಕ್ಕೆ ಏರಿದಾಗ ಆ 18 ಇಳಿದು 5ಕ್ಕೆ ಬಂತು.

“ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ನೀವು ಕಾಲು ಒತ್ತಿದಷ್ಟೂ ಕಾಟ ಹೆಚ್ಚಬೇಕಿತ್ತು. ಇಲ್ಲಿ ಕಡಿಮೆಯಾಗುತ್ತಿದೆ. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ” ಎಂದರು. ನಿಂತಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಒಳಗಿನ ನಿರ್ವಾತ ಜಾಸ್ತಿ. ಸಣ್ಣ ಸೀಳಿನಿಂದ ನುಗ್ಗುವ ಗಾಳಿಯೂ ಆಗ ದೊಡ್ಡ ಪಾಲೇ ಆಗುತ್ತದೆ. ಕಾಲು ಒತ್ತಿದಾಗ ಸರಿಯಾದ ದಾರಿಯಿಂದಲೇ ಬೇಕಾದಷ್ಟು ಗಾಳಿ ಬಂದು ಈ ಕಳ್ಳಗಾಳಿಯ ಲೆಕ್ಕ ಮುಚ್ಚಿಹೋಗುತ್ತದೆ. ಆದರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಮೂರನೆಯದರ ಕಾಯಿಲನ್ನು ಐದಕ್ಕೆ ಹಾಕಿ ನೋಡಿದರು. ಮಿಸ್ಸಿಂಗ್ ಮೂರರಲ್ಲೇ ಉಳಿಯಿತು, ಅಂದರೆ ತಪ್ಪು ಕಾಯಿಲಿನದಲ್ಲ. ಇದು ಹತ್ತು ನಿಮಿಷದ ಕೆಲಸ. ಆರು ಹೊಸ ಕಾಯಿಲ್ ಹಾಕುವ ಮುಂಚೆ ಬೆಂಗಳೂರಿನಲ್ಲಿ ಇದನ್ನು ಮಾಡಿದ್ದರೆ ನನ್ನ ಹಣ ಉಳಿಯುತ್ತಿತ್ತು. ಪ್ಲಗ್ ಬಿಚ್ಚಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದರು: ಆರೂ 170ರಿಂದ 180 ಪಿಎಸ್‌ಐ ಒಳಗೆ, ಮೂರನೆಯದೂ ಸೇರಿ. ಪಿಸ್ಟನ್ ರಿಂಗು, ವಾಲ್ವುಗಳ ಮೇಲಿನ ಅನುಮಾನವೂ ಹೋಯಿತು.

ಕೊನೆಗೆ ಹೊಗೆಯಂತ್ರ. ಗಾಳಿ ಹೋಗುವ ಕೊಳವೆಗೆ ಬಿಳಿ ಹೊಗೆ ತುಂಬಿ, ಲೈಟು ಹಿಡಿದು ಕಾದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವಲ್ಲಿ, ಸರಿಯಾಗಿ ಮೂರನೇ ಸಿಲಿಂಡರಿನ ಕೆಳಗೆ, ಊದುಬತ್ತಿಯ ಎಳೆಯಂಥ ಹೊಗೆ ಎದ್ದಿತು. ಗಟ್ಟಿಯಾಗಿ ಸೆಟೆದುಕೊಂಡ, ಸಂದು ಮುಚ್ಚುವ ರಬ್ಬರ್ ಗ್ಯಾಸ್ಕೆಟ್. ತಣ್ಣಗಿದ್ದಾಗ ಕುಗ್ಗಿ ಸೀಳು ಬಿಡುತ್ತಿತ್ತು, ಬಿಸಿಯಾದಾಗ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಗ್ಯಾರೇಜಿನ ಹುಡುಗ ಸೀಟಿ ಹೊಡೆದ. ನನಗೂ ಹೊಡೆಯಬೇಕೆನಿಸಿತು.

ಮ್ಯಾನಿಫೋಲ್ಡ್ ಬಿಚ್ಚಿದಾಗ ಇನ್ನೊಂದು ದರ್ಶನವಾಯಿತು. ಇದು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮುಕಿಸುವ ಎಂಜಿನ್. ಒಳಹೋಗುವ ವಾಲ್ವುಗಳ ಬೆನ್ನನ್ನು ಪೆಟ್ರೋಲ್ ತೊಳೆಯುವುದೇ ಇಲ್ಲ. ಎಣ್ಣೆಯ ಆವಿ ಅಲ್ಲಿ ಕೂತು ಕರಕಲಾಗಿ, ಹದಿನೈದು ವರ್ಷ ತಂಬಾಕು ಅಗಿದವರ ಹಲ್ಲಿನ ಬುಡದಂತಾಗಿತ್ತು. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಊದಿ ಅದನ್ನು ತೆಗೆದರು: ಕರಕು ಕಳಚುತ್ತದೆ, ಲೋಹಕ್ಕೆ ಗಾಯವಾಗುವುದಿಲ್ಲ. ಹಲ್ಲಿನ ಕಲೆ ತೆಗೆಯಲು ನಾನು ಸೋಡಾ ಪುಡಿ ಊದುವುದೂ ಹೀಗೆಯೇ. ಅರ್ಧ ಗಂಟೆ ಪಕ್ಕದಲ್ಲೇ ನಿಂತು ನೋಡಿದೆ. ಕೈ ಸುಮ್ಮನಿರಲಿಲ್ಲ, ನಳಿಗೆ ಹಿಡಿಯುವ ಕೋನ ಸ್ವಲ್ಪ ಬದಲಿಸಿ ಎಂದು ಹೇಳಿಯೂ ಹೇಳಿದೆ. ಅವರು ಬದಲಿಸಲಿಲ್ಲ.

ಗ್ಯಾಸ್ಕೆಟ್, ಸ್ವಚ್ಛತೆ, ಕೂಲಿ, ಪತ್ತೆಯ ಶುಲ್ಕ ಎಲ್ಲ ಸೇರಿ 27,400 ರೂಪಾಯಿ. ವಾಲ್ವಿನ ಕರಕು ಈ ಕಾಯಿಲೆಯಲ್ಲಿ ಎಷ್ಟು ಪಾಲುದಾರ ಎಂಬುದು ಮಾತ್ರ ಇನ್ನು ತಿಳಿಯುವಂತಿಲ್ಲ, ಎರಡನ್ನೂ ಒಂದೇ ಸಲಕ್ಕೆ ಮಾಡಿದ್ದರಿಂದ. ಹಾಗೆಂದು ಅವರೇ ಹೇಳಿದರು, ನಾನು ಕೇಳುವ ಮುಂಚೆ. ಹಳೆಯ ಗ್ಯಾಸ್ಕೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು.

ದೂರುಗಳಿವೆ. ಮೂರು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು. ಗ್ಯಾಸ್ಕೆಟ್ ಬರುವುದು ತಡವಾಯಿತಂತೆ, ಅದನ್ನು ತಿಳಿಸಲು ಒಂದು ಕರೆ ಮಾಡಬಹುದಿತ್ತು. ನಾನು ಮಾಡಿದ ಕರೆಗಳನ್ನು ಎತ್ತಲೂ ಇಲ್ಲ. ಬಿಲ್ಲು ಮೊದಲು ಬಂದದ್ದು ಕೈಬರಹದ ಚೀಟಿಯಲ್ಲಿ. ಜಿಎಸ್‌ಟಿ ಸಹಿತ ಸರಿಯಾದ ಬಿಲ್ಲಿಗೆ ಇನ್ನೊಮ್ಮೆ ಹೋಗಬೇಕಾಯಿತು. ಸೀರೆಯ ಮಾತು ಆಗಲೇ ಹೇಳಿದೆ. ಆದ್ದರಿಂದ ಈ ಗ್ಯಾರೇಜಿಗೆ ನನ್ನ ಅಂಕ ಐದರಲ್ಲಿ ನಾಲ್ಕು.

ನಾಲ್ಕು ತಿಂಗಳಲ್ಲಿ 3,800 ಕಿಲೋಮೀಟರ್ ಓಡಿಸಿದ್ದೇನೆ. ದೀಪ ಹತ್ತಿಲ್ಲ. ಊಟಿಯ ಚಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಬೇಕೆಂದೇ ಸ್ಟಾರ್ಟ್ ಮಾಡಿ ನೋಡಿದೆ; ನಡುಗಿದ್ದು ನಾನೊಬ್ಬಳೇ. ವಾಲ್ವ್ ಕವರಿನ ಅಂಚಿನಲ್ಲಿ ಎಣ್ಣೆ ಒಸರಲು ಶುರುವಾಗಿದೆ, ಮುಂದಿನ ವರ್ಷಕ್ಕೆ ಅದರ ಗ್ಯಾಸ್ಕೆಟ್ ಹಾಕಿಸಿ ಎಂದಿದ್ದಾರೆ. ಹೋಗುವವರು ಫೋನ್ ನೆಚ್ಚಿಕೊಳ್ಳದೆ ಬೆಳಿಗ್ಗೆ ಹತ್ತರೊಳಗೆ ನೇರವಾಗಿ ಹೋಗಿ, ಗಾಡಿಯನ್ನು ರಾತ್ರಿ ಬಿಟ್ಟು ಬರಲು ಸಿದ್ಧರಾಗಿ. ಮೇಸ್ತ್ರಿ ಎಡಗಡೆಯಲ್ಲಷ್ಟೇ ಅಗಿಯುತ್ತಾರೆ. ಬಲಗಡೆ ಏನೋ ಇದೆ, ಬಂದು ತೋರಿಸಿ ಎಂದು ಎರಡು ಸಲ ಹೇಳಿದ್ದೇನೆ. ಇನ್ನೂ ಬಂದಿಲ್ಲ.