ಸೈಲೆನ್ಸರ್, ಕವಚ ಸೀಳುವ ಗುಂಡು: ಯಾವುದಕ್ಕೆ ಎಷ್ಟು ಕಡಿವಾಣ?

ಅಮೆರಿಕದಲ್ಲಿ ವೋಟು ಇರುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸೈಲೆನ್ಸರ್ ಹಾಕಿದರೆ ಸಿನಿಮಾದಲ್ಲಿದ್ದಂತೆ ಸದ್ದೇ ಇರಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ. ನಳಿಕೆಯ ತುದಿಗೆ ಹಾಕುವ ಕೊಳವೆ ಅದು. ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲವನ್ನು ಒಳಗಿನ ಬಿಲ್ಲೆಗಳು ತಡೆದು ತಡೆದು ಬಿಡುತ್ತವೆ. ಸದ್ದು ಸುಮಾರು 20ರಿಂದ 35 ಡೆಸಿಬಲ್ ಇಳಿಯುತ್ತದೆ, ಅಷ್ಟೆ. ಕಿವಿ ಉಳಿಯುತ್ತದೆ ಎಂಬ ಬೇಟೆಗಾರರ ಮಾತು ನಿಜ. ಆದರೆ ಗುಂಡು ಯಾವ ಕಡೆಯಿಂದ ಬಂತು ಎಂದು ತಿಳಿಯುವುದೂ ಕಷ್ಟವಾಗುತ್ತದೆ. 2019ರಲ್ಲಿ ವರ್ಜೀನಿಯಾ ಬೀಚ್‌ನಲ್ಲಿ 12 ಜನರನ್ನು ಕೊಂದವನು ಸೈಲೆನ್ಸರ್ ಬಳಸಿದ್ದ. 1934ರ ಕಾನೂನು ನೋಂದಣಿಯ ಜೊತೆ 200 ಡಾಲರ್ ತೆರಿಗೆ ಹಾಕಿತ್ತು. 2026ರ ಜನವರಿಯಿಂದ ಆ ತೆರಿಗೆ ಸೊನ್ನೆ. ಬೆರಳಚ್ಚು, ನೋಂದಣಿ ಉಳಿದಿವೆ. ತೆರಿಗೆ ಹೋದರೆ ಹೋಗಲಿ, ನೋಂದಣಿ ಮಾತ್ರ ಬಿಟ್ಟುಕೊಡಬಾರದು.

ಕವಚ ಸೀಳುವ ಗುಂಡಿನ ಕಥೆ ಬೇರೆ. 1986ರ ಕಾನೂನು ಪೊಲೀಸರ ಜೀವ ಉಳಿಸಲು ಬಂದದ್ದು. ಪಿಸ್ತೂಲಿನಲ್ಲಿ ಬಳಸಬಹುದಾದ ಗುಂಡಿನ ತಿರುಳು ಉಕ್ಕು, ಟಂಗ್‌ಸ್ಟನ್, ಹಿತ್ತಾಳೆಯಂಥ ಲೋಹದ್ದಾದರೆ, ಜನರಿಗಾಗಿ ಅದರ ತಯಾರಿಕೆಗೂ ಆಮದಿಗೂ ತಡೆ. ಕಾನೂನು ಮುಖ್ಯವಾಗಿ ನೋಡುವುದು ಲೋಹವನ್ನು, ಗುಂಡು ಎಷ್ಟು ಆಳಕ್ಕೆ ತೂರುತ್ತದೆ ಎಂಬುದನ್ನಲ್ಲ. ಜಿಂಕೆ ಬೇಟೆಯ ಮಾಮೂಲಿ ರೈಫಲ್ ಗುಂಡೂ ಪೊಲೀಸರ ಮೆತ್ತನೆಯ ಕವಚವನ್ನು ಸೀಳುತ್ತದೆ! 2015ರಲ್ಲಿ ಹಸಿರು ತುದಿಯ ಎಂ855 ರೈಫಲ್ ಗುಂಡನ್ನೂ ಈ ತಡೆಯೊಳಗೆ ತರಲು ಹೊರಟ ಸರ್ಕಾರ, ವಿರೋಧ ಜಾಸ್ತಿಯಾಗಿ ಕೈಬಿಟ್ಟಿತು.

ಒಂದನ್ನೇ ಬಿಗಿ ಮಾಡುವುದಾದರೆ ನನ್ನ ಆಯ್ಕೆ ಗುಂಡು. ಪಿಸ್ತೂಲಿನ ಗುಂಡುಗಳನ್ನು ಕವಚಕ್ಕೇ ಹೊಡೆದು ಪರೀಕ್ಷಿಸಲಿ. ಬೇಟೆಯ ರೈಫಲ್ ಗುಂಡಿಗೆ ಕೈ ಹಾಕುವುದು ಬೇಡ.