ಸ್ಟುಟ್‌ಗಾರ್ಟ್‌ನಲ್ಲಿ 32 ಯೂರೋ, ಕುವೆಂಪುನಗರದಲ್ಲಿ 150 ರೂಪಾಯಿ: ಒಂದು ಕಟಿಂಗ್ ರಿವ್ಯೂ

ಊರಿಗೆ ಬಂದ ಮೂರನೇ ದಿನ ಮೈಸೂರು ಕುವೆಂಪುನಗರದ ನಮ್ಮ ಹಳೇ ಕಟಿಂಗ್ ಶಾಪಿಗೆ ಹೋದ್ರೆ ಷಟರ್ ಎಳೆದಿತ್ತು. ಮಂಗಳವಾರ! ಆರು ವರ್ಷ ಜರ್ಮನೀಲಿದ್ದು ಇದೊಂದು ಮರೆತೇ ಹೋಗಿತ್ತು, ಅಲ್ಲಿ ಭಾನುವಾರ ಬಂದ್, ಎಷ್ಟೋ ಸಲೂನ್‌ಗಳು ಸೋಮವಾರಾನೂ ತೆಗೆಯಲ್ಲ, ತಲೇಲಿ ಅದೇ ಕೂತ್ಬಿಟ್ಟಿದೆ. ಮನೆಗೆ ವಾಪಸ್ ಬಂದ್ರೆ ಅಮ್ಮ "ಮಂಗಳವಾರ ಯಾರಾದ್ರೂ ಕಟಿಂಗ್ ಮಾಡಿಸ್ತಾರೇನೋ" ಅಂತ ನನಗೇ ಬೈದ್ರು.

ಬುಧವಾರ ಹೋದೆ. ಬಾಗ್ಲಲ್ಲೇ "ಏನಪ್ಪಾ, ಯಾವಾಗ್ ಬಂದೆ, ಇದ್ಯಾರು ನಿನ್ ತಲೆ ಹಿಂಗ್ ಮಾಡಿರೋದು" ಅಂದ್ರು ಅಣ್ಣ. ಯಾರು ಮಾಡಿದ್ರು ಅನ್ನೋದು ದೊಡ್ಡ ಕತೆ. ಇಲ್ಲಿ ನಾನು ಯಾವಾಗ್ಲೂ "ಸೈಡಿಗೆ ಮೂರನೇ ನಂಬರ್ ಹಾಕಣ್ಣ" ಅಂತಿದ್ದೆ, ಹಂಗಂದ್ರೆ ಸುಮಾರು 9-10 ಮಿಲಿಮೀಟರ್ ಕೂದ್ಲು ಉಳಿಯುತ್ತೆ. ಸ್ಟುಟ್‌ಗಾರ್ಟಿಗೆ ಹೋದ ಹೊಸದ್ರಲ್ಲಿ ಅಲ್ಲೂ ಅದನ್ನೇ ಹರಕು ಜರ್ಮನ್‌ನಲ್ಲಿ "ಡ್ರೈ" ಅಂದೆ, ಡ್ರೈ ಅಂದ್ರೆ ಮೂರು. ಆಯಮ್ಮ ಕನ್ನಡೀಲಿ ನನ್ನ ಮುಖ ನೋಡಿ "ಡ್ರೈ?" ಅಂತ ಇನ್ನೊಂದ್ಸಲ ಕೇಳಿದ್ರು, ನಾನು ಧೈರ್ಯವಾಗಿ ತಲೆ ಆಡಿಸ್ದೆ. ಅಲ್ಲಿ ಲೆಕ್ಕ ನೇರ ಮಿಲಿಮೀಟರಲ್ಲಿ. ಕಿವಿ ಮೇಲೆ ಒಂದು ಸಲ ಮಷೀನ್ ಎಳೆದಿದ್ದಷ್ಟೇ, ತಿರುಪತೀಲಿ ಅರ್ಧ ಹರಕೆ ತೀರಿಸ್ದಂಗಾಯ್ತು. ಅವರ ತಪ್ಪೇನೂ ಇಲ್ಲ, ಕೇಳಿದ್ರಲ್ಲ ಪಾಪ. ಆಮೇಲಿಂದ "ನೋಯ್ನ್ ಮಿಲಿಮೀಟರ್", ಒಂಬತ್ತು, ಅಂತ ಪೂರ್ತಿ ಬಿಡಿಸಿ ಹೇಳ್ತೀನಿ.

ಅಲ್ಲಿ ರೇಟ್ ಕೇಳಿದ್ರೆ ಎದೆ ಝಲ್ ಅನ್ನುತ್ತೆ, ನಂಗೆ 32 ಯೂರೋ, ಅಂದ್ರೆ ಮೂರು ಸಾವಿರದ ಮೇಲೆ, ತಲೆ ತೊಳೆದ್ರೆ ಅದು ಬೇರೆ. ಹೆಂಗಸರಿಗೆ ಇನ್ನೂ ಜಾಸ್ತಿ, ನನ್ ಹೆಂಡ್ತಿ ಊರಿಗೆ ಬರೋವರೆಗೂ ಕೂದ್ಲು ಬೆಳೆಸ್ಕೊಂಡೇ ಇರ್ತಾಳೆ. ಆದ್ರೆ ಅಲ್ಲಿ ಈ ಕೆಲಸಕ್ಕೆ ಮೂರು ವರ್ಷ ಟ್ರೈನಿಂಗ್ ಇರುತ್ತೆ, ಸ್ವಂತ ಸಲೂನ್ ತೆಗೀಬೇಕಂದ್ರೆ ಸಾಮಾನ್ಯವಾಗಿ 'ಮೈಸ್ಟರ್' ಅಂತ ಇನ್ನೊಂದು ಪರೀಕ್ಷೆ ಪಾಸಾಗಿರೋರು ಇರ್ಬೇಕು. ಕತ್ತರಿ ಹಿಡಿಯೋ ಹುಡುಗಿಗೆ ಸರಿಯಾದ ಸಂಬಳ ಕೊಟ್ರೆ ರೇಟ್ ಹಂಗೇ ಆಗೋದು, ಅದನ್ನ ಬೈಯೋಕಾಗಲ್ಲ. 2020ರ ಡಿಸೆಂಬರಲ್ಲಿ ಲಾಕ್‌ಡೌನ್ ಅಂತ ಸಲೂನ್ ಮುಚ್ಚಿಸಿದೋರು 2021ರ ಮಾರ್ಚ್ 1ಕ್ಕೆ, ಎಷ್ಟೋ ಅಂಗಡಿಗಳಿಗಿಂತ ಮೊದ್ಲೇ ತೆಗೆಯೋಕೆ ಬಿಟ್ರು, ಅಷ್ಟು ಮುಖ್ಯ ಅದು ಅಲ್ಲಿ. ನಡುವಿನ ಎರಡೂವರೆ ತಿಂಗಳು ನನ್ನ ತಲೆ ಹೆಂಡ್ತಿ ಕೈಲಿತ್ತು, ಫೋಟೋ ಎಲ್ಲಾ ಡಿಲೀಟ್ ಮಾಡಿದೀನಿ.

ಶೇವಿಂಗ್ ವಿಷ್ಯಕ್ಕೆ ಬಂದ್ರೆ ನಮ್ಮೋರನ್ನ ಬಿಟ್ರಿಲ್ಲ. ನಾನು ಹೋಗೋ ಜರ್ಮನ್ ಸಲೂನಲ್ಲಿ ಗಡ್ಡ ಮುಟ್ಟೋದೇ ಇಲ್ಲ, ಅದಕ್ಕೆ ಟರ್ಕಿಯೋರ ಅಂಗಡಿ ಹುಡುಕ್ಬೇಕು. ಇಲ್ಲಿ ಅಣ್ಣ ಹೊಸ ಬ್ಲೇಡನ್ನ ಕಾಗದದ ಸಮೇತ ಟಕ್ ಅಂತ ಎರಡು ಮಾಡಿ, ಅರ್ಧ ಸಿಗಿಸಿ, ಎರಡು ಸಲ ನೊರೆ ಹಚ್ಚಿ ಎಳೆದು, ಕೊನೇಲಿ ಪಟಿಕ ಉಜ್ಜಿದಾಗ ಬರೋ ಚುರುಚುರು ಇದ್ಯಲ್ಲ, ಅದಕ್ಕೇ 60 ರೂಪಾಯಿ ಕೊಡ್ಬೋದು.

ಬೇಜಾರಾಗಿದ್ದೂ ಹೇಳ್ತೀನಿ. ಕಾಯಿಸಿದ್ದು ಒಂದು ಗಂಟೆ, ನಡುವೆ ಒಬ್ರು "ಬರೀ ಮೀಸೆ ಟ್ರಿಮ್" ಅಂತ ನುಗ್ಗಿ ಕೂತೋರು ಫುಲ್ ಹೇರ್ ಡೈ ಮಾಡಿಸ್ಕೊಂಡು ಎದ್ರು. ಜರ್ಮನೀಲಿ ಟೈಮ್ ಬುಕ್ ಮಾಡಿದ್ರೆ 5:20 ಅಂದ್ರೆ 5:20ಕ್ಕೇ ಕೂರಿಸ್ತಾರೆ, ನಾವು ಹತ್ತು ನಿಮಿಷ ಲೇಟಾದ್ರೆ ಮುಖ ಊದಿಸ್ಕೋತಾರೆ. ಟವಲ್ ನನಗಿಂತ ಮುಂಚೆ ಎಷ್ಟು ಜನರನ್ನ ನೋಡಿತ್ತೋ ದೇವ್ರಿಗೇ ಗೊತ್ತು. ಮಸಾಜ್ ಮಾಡ್ತಾ ಮಾಡ್ತಾ ಕೇಳದೇನೇ ಕತ್ತು ಲಟಕ್ ಅನ್ನಿಸಿದ್ರು, ನಂಗೆ ಅದು ಮೊದಲಿಂದ್ಲೂ ಭಯ, ಈಗ ವಯಸ್ಸು ನಲವತ್ತು ಬೇರೆ.

ಎರಡೂ ಸೇರಿ 210 ಆಯ್ತು, ಅಪ್ಪನ ಫೋನಿಂದ ಸ್ಕ್ಯಾನ್ ಮಾಡ್ದೆ. ಅಲ್ಲಿ ನಮ್ಮ ಸಲೂನೋರು ಕಾರ್ಡ್ ತಗೊಳ್ಳಲ್ಲ, ಕ್ಯಾಷ್ ಮಾತ್ರ, ಇದನ್ನ ಹೇಳಿದ್ರೆ ಅಣ್ಣ ನಂಬ್ಲೇ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಹೋಗೋದಾದ್ರೆ ಮಂಗಳವಾರ, ಭಾನುವಾರ ಬಿಟ್ಟು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ, ಟವಲ್ ಮನೆಯಿಂದ ತಗೊಂಡೋಗಿ, ಕತ್ತಿನ ವಿಷ್ಯ ಕೂರೋ ಮುಂಚೇನೇ ಹೇಳ್ಬಿಡಿ.