ಆರ್ಡ್‌ಬೆಗ್ ಊಗಡಾಲ್: ಹೊಗಿ ಐತಿ ಖರೆ, ಆದ್ರ ಮಾತೆಲ್ಲಾ ದ್ರಾಕ್ಷಿದು

ಮೊದಲೇ ಹೇಳಿಬಿಡ್ತೀನಿ, ಇದು ಪಾರ್ಟಿ ವಿಸ್ಕಿ ಅಲ್ಲ. ನಾಕು ಮಂದಿ ಕೂಡಿ ಕಬಾಬ್ ತರಿಸಿ ಸೋಡಾ ಹೊಯ್ಕೊಂಡು ಮ್ಯಾಚ್ ನೋಡ್ಕೋತ ಖಾಲಿ ಮಾಡೋ ಬಾಟ್ಲಿ ಹುಡುಕಾಕತ್ತಿದ್ರ ಇಲ್ಲೇ ನಿಲ್ಲಿಸ್ರಿ, ಅದಕ್ಕ ಇದರ ಕಾಲು ಭಾಗ ರೊಕ್ಕದಾಗ ಛಲೋ ಛಲೋ ಮಾಲು ಸಿಗ್ತಾವ. ಆರ್ಡ್‌ಬೆಗ್ ಊಗಡಾಲ್ ಅಂದ್ರ ಸ್ಕಾಟ್ಲೆಂಡಿನ ಐಲಾ ಅನ್ನೋ ನಡುಗಡ್ಡಿಯಿಂದ ಬರೋ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಾಗ ಮೊಳಕಿ ಬಾರ್ಲಿಯಿಂದ ಮಾಡಿದ ವಿಸ್ಕಿ), ಪೀಟ್ ಹೊಗಿ ಹಾಯಿಸಿದ ಬಾರ್ಲಿದು, ಒಂದಿಷ್ಟು ಬೋರ್ಬನ್ ಅನ್ನೋ ಅಮೆರಿಕಾದ ವಿಸ್ಕಿ ಇಟ್ಟಿದ್ದ ಪೀಪಾಯಿಯೊಳಗ, ಒಂದಿಷ್ಟು ಶೆರಿ ಅನ್ನೋ ಸ್ಪೇನಿನ ದ್ರಾಕ್ಷಿ ವೈನ್ ಇಟ್ಟಿದ್ದ ಪೀಪಾಯಿಯೊಳಗ ಮಾಗಿಸಿ ಕಡೀಕ ಎರಡೂ ಕೂಡಿಸಿ ಮಾಡಿದ್ದು, 2003ರಿಂದ ಬರಾಕತ್ತೈತಿ. ನಮ್ಮ ಮಾವನ ಮಗ ದುಬೈದಿಂದ ಬರುವಾಗ ಡ್ಯೂಟಿ ಫ್ರೀದಾಗ ತಂದುಕೊಟ್ಟಿದ್ದು, ಒಬ್ಬರಿಗೆ ಎರಡು ಲೀಟರ್ ತನಕ ತರಾಕ ಕಸ್ಟಮ್ಸ್‌ನವರು ಬಿಡ್ತಾರ, ಹಂಗಾಗಿ ಯಾರರ ಬರೋರು ಇದ್ದಾರಂದ್ರ ಚಾಕೊಲೇಟು ಖಜೂರ ಬಿಟ್ಟು ಇದನ್ನ ಹೇಳಿಕಳಸ್ರಿ.

ಹೊಗಿ ಬಗ್ಗೆ ಮೊದಲ ಮಾತಾಡಬೇಕು ಯಾಕಂದ್ರ ನಮ್ಮ ಬಿಜಾಪುರ ಮಂದಿ ಮೂಗು ಮುಚ್ಕೊಳ್ಳೋದು ಅಲ್ಲೇ. ಗ್ಲಾಸಿಗೆ ಹಾಕಿ ಕೈಯಾಗ ಕೊಟ್ಟೆ ಅಂದ್ರ ಹತ್ತರಾಗ ಎಂಟು ಮಂದಿ ‘ಏನಲೇ ಇದು ಟಿಂಚರ್ ಹಾಕಿದಂಗ ಬರಾಕತ್ತೈತಿ’ ಅಂತಾರ, ಅದರಾಗ ಅವರ ತಪ್ಪೇನೂ ಇಲ್ಲ. ಪೀಟ್ ಅಂದ್ರ ಸಾವಿರಾರು ವರ್ಷ ಜೌಗು ನೆಲದಾಗ ಪಾಚಿ ಹುಲ್ಲು ಬೇರು ಅರ್ಧಂಬರ್ಧ ಕೊಳತು ಒತ್ತಿಕೊಂಡು ಆಗಿರೋ ಮಣ್ಣಿನಂಥಾ ಉರುವಲು, ಅಲ್ಲಿ ಅದನ್ನ ಇಟ್ಟಂಗಿ ಆಕಾರಕ್ಕ ಕೊಯ್ದು ಒಣಗಿಸಿ ಸುಡ್ತಾರ. ಮೊಳಕಿ ಬಂದ ಹಸಿ ಬಾರ್ಲಿನ ಒಣಗಸುವಾಗ ಕೆಳಗ ಈ ಬೆಂಕಿ ಹಾಕಿದ್ರ ಹೊಗಿಯೊಳಗಿನ ಫಿನಾಲ್ ಅನ್ನೋ ರಾಸಾಯನಿಕ ಕಾಳಿನ ಸಿಪ್ಪಿಗೆ ಹತ್ತಿಕೊಂತೈತಿ, ದವಾಖಾನಿ ವಾಸನಿ ಬರೋದು ಅದರಿಂದನ, ಹಳೇ ಕಾಲದ ಆಸ್ಪತ್ರಿ ಫಿನಾಯಿಲ್ಲೂ ಅದೇ ಜಾತೀದು. ಆರ್ಡ್‌ಬೆಗ್ ಬಾರ್ಲಿಯೊಳಗ ಫಿನಾಲ್ ಸುಮಾರು 50-55 ಪಿಪಿಎಂ (ಹತ್ತು ಲಕ್ಷದಾಗ ಇಷ್ಟು ಪಾಲು), ಅಂದ್ರ ಕಾಯಂ ಸಿಗೋ ಮಾಲ್ಟುಗಳೊಳಗ ಭಾಳ ಜಾಸ್ತಿ. ಆದ್ರ ಈ ಲೆಕ್ಕ ಒಣ ಬಾರ್ಲಿದು, ಬಾಟ್ಲಿಯೊಳಗಿನ ವಿಸ್ಕಿದು ಅಲ್ಲ, ಅರೀವಾಗ, ಬಿಸಿನೀರಾಗ ಕಲಸುವಾಗ, ಭಟ್ಟಿ ಇಳಸುವಾಗ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡ್ತೈತಿ. ಪಿಪಿಎಂ ನಂಬರ್ ತೋರಿಸಿ ‘ನಮ್ದು ಭಾರಿ ಸ್ಟ್ರಾಂಗು’ ಅಂತ ಜಂಬ ಹೊಡಿಯೋ ಮಂದಿ ಮಾತು ಅರ್ಧಾ ಕೇಳ್ರಿ ಸಾಕು.

ಆರ್ಡ್‌ಬೆಗ್ ಭಟ್ಟಿ ಪಕ್ಕದೂರಾಗ ಲಗಾವುಲಿನ್ ಭಟ್ಟಿ, ಅದರಾಚಿ ಲಫ್ರೋಯ್ಗ್ ಭಟ್ಟಿ, ಮೂರೂ ಒಂದೇ ದಂಡಿಗೆ ಸಾಲಾಗಿ ಅದಾವ, ಮೂರೂ ಹೊಗಿ ಮಾಲು. ಆರ್ಡ್‌ಬೆಗ್ 1815ರಾಗ ಶುರುವಾಗಿದ್ದು, 1981ರಾಗ ಬಾಗಲಾ ಹಾಕಿ ಆಮ್ಯಾಲ ಅರ್ಧಂಬರ್ಧ ನಡದು ಮತ್ತ 1996ರಾಗ ಬಂದ್ ಆಗಿ, 1997ರಾಗ ಗ್ಲೆನ್‌ಮೊರಾಂಜಿ ಕಂಪನಿಯವರು ಕೊಂಡ ಮ್ಯಾಲ ಜೀವಾ ಬಂತು. ಆ ನಡುವಿನ ವರ್ಷಗಳ ಸ್ಟಾಕ್ ಕಡಿಮಿ. ಅವರು ವಯಸ್ಸು ಬರೀದ ಬಾಟ್ಲಿನೂ ಬಿಡ್ತಾರ. ಊಗಡಾಲ್ ಮ್ಯಾಲನೂ ಎಷ್ಟು ವರ್ಷದ್ದು ಅಂತ ಇಲ್ಲ. ಹೆಸರು ಅವರಿಗೆ ನೀರು ಬರೋ ಕೆರಿದು. ವಯಸ್ಸು ಬರದಿಲ್ಲ ಅಂತ ಕೆಲವರು ಮುಖ ಸಿಂಡರಿಸ್ತಾರ, ನನಗ ಅದೇನೂ ಅಡ್ಡಿ ಅನಿಸಲಿಲ್ಲ, ಕುಡದ್ರ ಗೊತ್ತಾಗ್ತೈತಿ.

ಈಗ ನನ್ನ ಮಾತು. ಬರೇ ಹೊಗಿ ಇದ್ರ ನಾನು ಇಷ್ಟುದ್ದ ಬರಿತಿರಲಿಲ್ಲ, ಅವರದ ಹತ್ತು ವರ್ಷದ ಸಾದಾ ಬಾಟ್ಲಿ ಐತೆಲ್ಲಾ, ಅದೂ ಕುಡದೀನಿ, ಅದು ಲಿಂಬಿ, ಉಪ್ಪು, ಹೊಗಿ, ಮುಗೀತು, ಛಲೋನ ಐತಿ ಆದ್ರ ಒಬ್ಬನ ಹೋಗಿ ಸಮುದ್ರದ ದಂಡಿಗೆ ಗಾಳಿ ತಿಂದಂಗ. ಊಗಡಾಲ್‌ನ್ಯಾಗ ಹೊಗಿ ಹಿಂದ ಸರದು ದ್ರಾಕ್ಷಿ ಮುಂದ ಬರ್ತೈತಿ, ಅದಕ್ಕ ಕಾರಣ ಶೆರಿ ಪೀಪಾಯಿ. ನಾವು ತಿಕೋಟಾ ಕಡೆಯವರು, ದ್ರಾಕ್ಷಿ ತೋಟ ಐತಿ, ಫೆಬ್ರವರಿ ಬಂತಂದ್ರ ಮನಿಮಂದಿಯೆಲ್ಲಾ ಶೆಡ್ಡಿನ್ಯಾಗ, ಹಂಗಾಗಿ ಒಣದ್ರಾಕ್ಷಿ ವಾಸನಿ ನನಗ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಥಾಮ್ಸನ್ ಸೀಡ್‌ಲೆಸ್ ಕೊಯ್ದು ಪೊಟ್ಯಾಸಿಯಂ ಕಾರ್ಬೋನೇಟು ಮತ್ತ ಡಿಪ್ಪಿಂಗ್ ಆಯಿಲ್ ಕಲಿಸಿದ ನೀರಿನ್ಯಾಗ ಅದ್ದಿ ನೆಳ್ಳಾಗ ಜಾಳಗಿ ಮ್ಯಾಲ ಹರವ್ತೀವಿ, ಯಾಕಂದ್ರ ಮೇಣದ ಪದರ ಸಡಲಾಗಿ ಲಗೂನ ಒಣಗಬೇಕು, ಬಣ್ಣ ಹಸರು ಇಲ್ಲಾ ಬಂಗಾರ ಇರಬೇಕು, ಗಂಧಕದ ಹೊಗಿನೂ ಹಾಕ್ತೀವಿ. ಬಿಸಲಿಗೆ ಬಿದ್ದು ಕಪ್ಪಾದ ಮಣೂಕಕ್ಕ, ಅಂದ್ರ ಒಣದ್ರಾಕ್ಷಿಗೆ, ಮಹಾರಾಷ್ಟ್ರದ ತಾಸಗಾಂವ ಮಾರ್ಕೆಟಿನ್ಯಾಗ ರೇಟ್ ಬೀಳ್ತೈತಿ, ದಲಾಲ ಕೈಯಾಗ ಹಿಡದು ನೋಡೋದಿಲ್ಲ.

ಸ್ಪೇನಿನ್ಯಾಗ ಉಲ್ಟಾ. ಅಲ್ಲಿ ದಕ್ಷಿಣದಾಗ ಪೆದ್ರೊ ಹಿಮೆನೆಸ್ ಅನ್ನೋ ದ್ರಾಕ್ಷಿನ ಚಾಪಿ ಮ್ಯಾಲ ಕೆಂಡದಂಥಾ ಬಿಸಲಾಗ ಬೇಕಂತನ ಒಣಗಿಸ್ತಾರ, ಕಪ್ಪಾಗಿ ಬೆಲ್ಲದಂಗ ಆದ ಮ್ಯಾಲ ಹಿಂಡಿ ಅದರಿಂದ ಸಿಹಿ ಶೆರಿ ಮಾಡ್ತಾರ. ಅಂದ್ರ ನಾವು ಎರಡನೇ ನಂಬರ್ ಮಾಲು ಅಂತ ಬದಿಗಿಡೋದನ್ನ ಅವರು ದೇವರ ಪ್ರಸಾದದಂಗ ಬಾಟ್ಲಿಗೆ ತುಂಬ್ತಾರ. ಆದ್ರ ಒಂದು ಗುಟ್ಟು, ಊಗಡಾಲ್‌ಗೆ ಬಳಸೋದು ಆ ಪೆದ್ರೊ ಹಿಮೆನೆಸ್ ಪೀಪಾಯಿ ಅಲ್ಲ, ಒಲೊರೊಸೊ ಅನ್ನೋ ಇನ್ನೊಂದು ಶೆರಿದು, ಅದು ಪಾಲೋಮಿನೊ ದ್ರಾಕ್ಷಿದು, ನಾಲಿಗಿಗೆ ಸಿಹಿಯೇ ಅಲ್ಲ, ಒಣಗಸೋದೂ ಇಲ್ಲ. ಸ್ಪಿರಿಟ್ ಕಲಿಸಿ ಪೀಪಾಯಿಯೊಳಗ ವರ್ಷಗಟ್ಟಲೆ ಗಾಳಿಗೆ ಬಿಟ್ಟು ಮಾಗಿಸ್ತಾರ, ಆವಾಗ ಅಕ್ರೋಟು, ಒಣಹಣ್ಣು, ಚರ್ಮದ ವಾಸನಿ ಹುಟ್ಟತೈತಿ. ಒಣದ್ರಾಕ್ಷಿ ಇಲ್ದನ ಒಣದ್ರಾಕ್ಷಿ ವಾಸನಿ ಬರೋದು ನೋಡಿ ತ್ವಾಟದವನಾದ ನನಗ ಒಂದೀಟು ಸಿಟ್ಟೂ ಬಂತು, ಇರ್ಲಿ. ಸಿಹಿ ಪೆದ್ರೊ ಹಿಮೆನೆಸ್ ಪೀಪಾಯಿದೇ ಬೇಕಂದ್ರ ಲಗಾವುಲಿನ್ ಡಿಸ್ಟಿಲ್ಲರ್ಸ್ ಎಡಿಶನ್ ನೋಡ್ರಿ, ಅದು ಮೆತ್ತಗ ಇರ್ತೈತಿ, ಆಲ್ಕೋಹಾಲು 43 ಪರ್ಸೆಂಟು, ಆದ್ರ ಊಗಡಾಲ್‌ನಷ್ಟು ಗುದ್ದಂಗಿಲ್ಲ.

ಇನ್ನೊಂದು, ‘ಶೆರಿ ಪೀಪಾಯಿ’ ಅಂದಕೂಡ್ಲೆ ನೂರು ವರ್ಷ ಶೆರಿ ಕುಡದ ಹಳೇ ಪೀಪಾಯಿ ಅಂತ ಕಲ್ಪನಾ ಮಾಡ್ಕೋಬ್ಯಾಡ್ರಿ. ಮುಂಚೆ ಸ್ಪೇನಿಂದ ಇಂಗ್ಲೆಂಡಿಗೆ ಶೆರಿ ಪೀಪಾಯಿಯೊಳಗನ ಹಡಗಿನ್ಯಾಗ ಹೋಗ್ತಿತ್ತು, ಖಾಲಿ ಆದ ಪೀಪಾಯಿ ಸ್ಕಾಟ್ಲೆಂಡಿನವರು ಅಗ್ಗದಾಗ ಒಯ್ತಿದ್ರು. 1980ರ ದಶಕದಾಗ ಶೆರಿ ಅಲ್ಲೇ ಬಾಟ್ಲಿ ಆಗಬೇಕು ಅಂತ ಆದ ಮ್ಯಾಲ ಆ ದಾರಿ ಬಂದ್. ಈಗ ವಿಸ್ಕಿ ಕಂಪನಿಯವರು ಹೊಸಾ ಪೀಪಾಯಿ ಕಟ್ಟಿಸಿ ಒಂದೆರಡು ವರ್ಷ ಅದರಾಗ ಶೆರಿ ತುಂಬಿಟ್ಟು ಆಮ್ಯಾಲ ತಮ್ಮ ಮಾಲಿಗೆ ಬಳಸ್ತಾರ. ಮೋಸ ಅಲ್ಲ, ಹೆಂಗೂ ರುಚಿ ಬರೋದು ಕಟ್ಟಿಗಿಯೊಳಗ ಹೀರ್ಕೊಂಡಿರೋ ಶೆರಿ ಮತ್ತ ಆ ಕಟ್ಟಿಗಿದ ಒಗರಿನಿಂದ, ಆದ್ರ ಲೇಬಲ್ ಮ್ಯಾಲಿನ ಕಥಿ ಓದಿ ಮಳ್ಳ ಆಗಬಾರದು ಅಷ್ಟ.

ಬಾಯಾಗ ಹೆಂಗೈತಿ ಅಂದ್ರ, ಮೊದಲ ಕಪ್ಪು ದ್ರಾಕ್ಷಿ, ಖಜೂರ, ಹಿಂದನ ಕಾಫಿ ಕಹಿ, ಆಮ್ಯಾಲ ಹೊಗಿ, ಅದು ಹೋಗಂಗಿಲ್ಲ, ಗಂಟಲಾಗ ಕುಂತು ತಾಸುಗಟ್ಟಲೆ ಬರ್ತೈತಿ, ಮರುದಿನ ಮುಂಜಾನೆ ಗ್ಲಾಸ್ ತೊಳಿಯೋಕಿನ್ನ ಮೊದಲ ಮೂಸಿ ನೋಡ್ರಿ, ಬರೇ ಬೂದಿ ವಾಸನಿ ಉಳದಿರ್ತೈತಿ. ಕಬ್ಬಿನ ಕಾಕಂಬಿ ಥರಾ ಒಂದು ದಪ್ಪ ಸಿಹಿನೂ ಐತಿ ನಡಕ. ಇದರಾಗ ನನಗ ಹಿಡಸಿದ್ದು ಏನಂದ್ರ ಸಿಹಿ ಹೊಗೀನ ಮುಚ್ಚಂಗಿಲ್ಲ, ಹೊಗಿ ಸಿಹೀನ ತಿನ್ನಂಗಿಲ್ಲ. ಶೆರಿ ಜಾಸ್ತಿ ಆದ್ರ ಪೀಟ್ ವಿಸ್ಕಿ ರಬ್ಬರ್ ಸುಟ್ಟಂಗ ಆಗೋದು ಐತಿ, ಅಂಥಾವೂ ಕುಡದೀನಿ ಹೆಸರು ಬ್ಯಾಡ, ಇದರಾಗ ಆ ಕಾಟ ಇಲ್ಲ.

ಈಗ ಬೈಯೋ ಭಾಗ. ಊಗಡಾಲ್‌ನ 54.2 ಪರ್ಸೆಂಟು ಆಲ್ಕೋಹಾಲು ನಮ್ಮ ಹವಾಕ್ಕ ಮಾಡಿದ್ದಲ್ಲ. ‘ರೂಮ್ ಟೆಂಪರೇಚರ್‌ನ್ಯಾಗ ಕುಡೀರಿ’ ಅಂತ ಎಲ್ಲಾರೂ ಹೇಳ್ತಾರ, ಅವರ ರೂಮು ಹದಿನೆಂಟು ಇಪ್ಪತ್ತು ಡಿಗ್ರಿ, ನಮ್ಮ ರೂಮು ಏಪ್ರಿಲ್‌ನ್ಯಾಗ ಸಂಜಿ ಏಳಕ್ಕೂ ಮೂವತ್ತೈದು. ಅಷ್ಟು ಶಕಿಯೊಳಗ ಆಲ್ಕೋಹಾಲು ಗ್ಲಾಸಿಂದ ಎಗರಿ ಮೂಗು ಸುಡ್ತೈತಿ, ದ್ರಾಕ್ಷಿನೂ ಇಲ್ಲ ಹೊಗಿನೂ ಇಲ್ಲ ಬರೇ ಉರಿ. ಅದಕ್ಕ ನಾನು ಮಾಡೋದು ಬಾಟ್ಲಿ ಅಲ್ಲ, ಗ್ಲಾಸ್ ಫ್ರಿಜ್ಜಿನ್ಯಾಗ ಇಟ್ಟು ತಣ್ಣಗ ಮಾಡಿ ಆಮ್ಯಾಲ ಹಾಕೋದು. ಐಸ್ ಬ್ಯಾಡ, ಐಸ್ ಹಾಕಿದ್ರ ರುಚಿನೂ ಮುಚ್ಚಿಹೋಗ್ತೈತಿ, ಮ್ಯಾಲ ವಿಸ್ಕಿ ಮಬ್ಬಾಗಬಹುದು. ಮಬ್ಬಾತು ಅಂತ ಡೂಪ್ಲಿಕೇಟ್ ಅಂತ ಗಲಾಟಿ ಮಾಡಬ್ಯಾಡ್ರಿ, ಇದನ್ನ ತಂಪು ಮಾಡಿ ಸೋಸಿರಂಗಿಲ್ಲ, ಒಳಗಿನ ಎಣ್ಣಿ ಅಂಶ ಹಂಗ ಉಳದಿರ್ತೈತಿ, ನೀರು ತಂಪು ಸಿಕ್ಕ ಕೂಡ್ಲೆ ಅದು ಕಾಣಸ್ತೈತಿ.

ನೀರು ಮಾತ್ರ ಹಾಕಲೇಬೇಕು, ನೀಟ್ ಕುಡಿಯೋದ ಗಂಡಸ್ತನ ಅನ್ನೋರು ಕುಡಕೊಳ್ಳಿ. 30 ಎಂಎಲ್‌ಗೆ ಒಂದು ಟೀ ಚಮಚ ನೀರು ಹಾಕಿದ್ರ ಸುಮಾರು 46 ಪರ್ಸೆಂಟಿಗೆ ಇಳೀತೈತಿ, ಎರಡು ಚಮಚ ಹಾಕಿದ್ರ 41ರ ಹತ್ರ. ನನಗ ಒಂದು ಚಮಚ ಸರಿ, ಅಲ್ಲೇ ದ್ರಾಕ್ಷಿ ಬಿಚ್ಕೊಂತೈತಿ. ಆದ್ರ ಬೋರಿನ ನೀರು ಬ್ಯಾಡೋ ಮಾರಾಯರ, ನಮ್ಮ ಕಡೆ ಬೋರ್ ನೀರಿನ ಸವಳು ಬಿದ್ರ ಹತ್ತು ಸಾವಿರದ ಬಾಟ್ಲಿನೂ ಅಷ್ಟ. ಇನ್ನ ಲೆಕ್ಕ ಒಂದು ಹೇಳ್ತೀನಿ, ನಾವು ದಿನಾ ನೋಡೋ ವಿಸ್ಕಿ 42.8 ಪರ್ಸೆಂಟು, ಇದರದು 60 ಎಂಎಲ್ ಅಂದ್ರ ಅದರದು 76 ಎಂಎಲ್ ಆದಂಗ. ಎರಡು ಪೆಗ್ ಅಂತ ಕುಂತವರು ಎರಡೂವರಿ ಕುಡದು ಬೈಕ್ ಕೀಲಿ ಹುಡುಕಬ್ಯಾಡ್ರಿ, ಅಲ್ಲೇ ಮಲಕೋರಿ.

ಜೋಡಿ ಏನು ತಿನ್ನಬೇಕು ಅನ್ನೋದ್ರಾಗ ನಮ್ಮ ಊಟ ಇದಕ್ಕ ಶತ್ರು. ಖಾರಬ್ಯಾಳಿ, ಶೇಂಗಾ ಚಟ್ನಿ, ಮಟನ್ ಸುಕ್ಕಾ ಬಾಯಾಗ ಇದ್ರ ವಿಸ್ಕಿ ನೀರು. ಸಿಹಿ ಜೋಡಿ ಛಲೋ ಹೋಗ್ತೈತಿ. ಬೆಳಗಾವಿ ಕುಂದಾ ಒಂದು ಚಮಚ ತಿಂದು ಗುಟುಕು ತೊಗೊಳ್ರಿ, ಆ ಹಾಲು ಕಾಸಿ ಕಾಸಿ ಕಂದಾದ ರುಚಿಗೆ ಹೊಗಿ ಸರಿ ಕುಂದರ್ತೈತಿ. ಅಮೀನಗಡ ಕರದಂಟೂ ನಡೀತೈತಿ, ಆದ್ರ ಅಂಟು ಹಲ್ಲಿಗೆ ಹತ್ತಿ ಮಾತಾಡಾಕ ಬರಂಗಿಲ್ಲ. ಧಾರವಾಡ ಪೇಢಾ ನನಗ ಸರಿ ಹೋಗಲಿಲ್ಲ, ಸಕ್ರಿ ಜಾಸ್ತಿ.

ರೇಟಿನ ಮಾತು. ಇಲ್ಲಿ ಅಂಗಡ್ಯಾಗ ಸಿಗೋದ ಅಪರೂಪ, ಬೆಂಗಳೂರಾಗ ಸಿಕ್ರೂ ಟ್ಯಾಕ್ಸ್ ಸೇರಿ ಎದಿ ಝಲ್ ಅಂತೈತಿ. ಗೋವಾದಾಗ ಅಗ್ಗ ಅಂತ ಬೆಳಗಾವಿ ಮಂದಿ ಚೋರ್ಲಾ ಘಾಟ್ ಇಳೀತಾರ, ಕುಡದು ಬರೋದು ಬ್ಯಾರೆ ಮಾತು, ಪರ್ಮಿಟ್ ಇಲ್ದ ಬಾಟ್ಲಿ ತಂದ್ರ ಎಕ್ಸೈಸ್‌ನವರು ಹಿಡೀತಾರ, ಹಂಗ ತಂದ ಗೋವಾದ ಮಾಲು ಕರ್ನಾಟಕದಾಗ ಇಟ್ಟುಕೊಳ್ಳೋದ ಅಪರಾಧ. ಹೊಗಿ ನಿಮಗ ಹಿಡಸ್ತೈತೋ ಇಲ್ಲೋ ಅಂತ ನೋಡಾಕ ಇಷ್ಟು ರೊಕ್ಕ ಹಾಕಬ್ಯಾಡ್ರಿ. ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ ತೊಗೊಳ್ರಿ, 50 ಪರ್ಸೆಂಟು, ನಮ್ಮ ದೇಶದ ಬಾರ್ಲಿ ಜೋಡಿ ಸ್ಕಾಟ್ಲೆಂಡಿನ ಪೀಟ್ ಬಾರ್ಲಿ ಕೂಡಿಸಿದ್ದು, ಹೊಗಿ ತೆಳ್ಳಗ ಇರ್ತೈತಿ. ಅದು ದಾಟಿದ್ರ ಗೋವಾದ ಪಾಲ್ ಜಾನ್ ಬೋಲ್ಡ್, 46 ಪರ್ಸೆಂಟು, ಪೂರಾ ಪೀಟ್. ಎರಡಕ್ಕೂ ಶೆರಿ ಇಲ್ಲ, ಆದ್ರ ಎರಡೂ ನಮ್ಮ ಶಕಿಯೊಳಗ ಮಾಗಿದ್ದು, ಸ್ಕಾಟ್ಲೆಂಡಿನ್ಯಾಗ ವರ್ಷಕ್ಕ ಎರಡು ಪರ್ಸೆಂಟ್ ಆವಿಯಾಗಿ ಹೋದ್ರ ಇಲ್ಲಿ ಅದರ ನಾಕೈದು ಪಟ್ಟು ಹೋಗ್ತೈತಿ, ಅದಕ್ಕ ಸಣ್ಣ ವಯಸ್ಸಿಗೇ ದಪ್ಪ ಆಗಿರ್ತಾವ. ಆ ಎರಡರಾಗ ಒಂದು ಹಿಡಸಿದವರಿಗೆ ಊಗಡಾಲ್ ಹೇಳ್ತೀನಿ, ಎರಡೂ ಹಿಡಸದವರಿಗೆ ಹೇಳಂಗಿಲ್ಲ, ರೊಕ್ಕ ಹಾಳು.

ಬಾಟ್ಲಿ ತಗದ ಮ್ಯಾಲ ನಿಲ್ಲಿಸಿ ಇಡ್ರಿ, ವೈನ್ ಥರಾ ಮಲಗಿಸಿದ್ರ ಇಷ್ಟು ಸ್ಟ್ರಾಂಗ್ ಸ್ಪಿರಿಟು ಕಾರ್ಕ್ ತಿಂತೈತಿ. ಪಶ್ಚಿಮ ಗ್ವಾಡಿ ಕಪಾಟಿನ್ಯಾಗ ಬ್ಯಾಡ, ಬಿಸಲು ಕಾದು ಕಾದು ಹಾಳಾಗ್ತೈತಿ. ಅರ್ಧಾ ಆದ ಮ್ಯಾಲ ನನ್ನ ಬಾಟ್ಲಿಯೊಳಗ ಹೊಗಿ ಒಂದೀಟು ಇಳದು ಸಿಹಿ ಜಾಸ್ತಿ ಆತು, ನನಗೇನೋ ಅದೇ ಛಲೋ ಅನಿಸ್ತು, ಹೊಗಿ ಹುಚ್ಚು ಇದ್ದವರು ಲಗೂನ ಮುಗಸ್ರಿ. ನಮ್ಮ ಒಣ ಹವಾಕ್ಕ ಕಾರ್ಕ್ ಒಣಗಿ ತಗಿಯೋವಾಗ ಮುರೀಬಹುದು, ಮುರದ್ರ ಚಾ ಸೋಸೋ ಜಾಳಗಿಯಿಂದ ಸೋಸಿ ಮತ್ತ ಬಾಟ್ಲಿಗೇ ಹಾಕ್ರಿ, ಅದಕ್ಕಂತನ ಹಳೇ ಮಾಲ್ಟ್ ಬಾಟ್ಲಿದ ಒಂದು ಕಾರ್ಕ್ ಒಗೀದ ಇಟ್ಟಿರ್ರಿ.